ಚಂಡೆಯಿಲ್ಲದೆ ಕೋಬೆಗೆ

ಯಡ್ತರೆ

ಜಪಾನಿಗೆ ಹೋಗಿ ಬಂದವನೆಂದು ಗೊತ್ತಾದ ಮೇಲೆ ನಮ್ಮ ಯಡ್ತರೆಯ ಪಕ್ಕದ ಬೈಂದೂರಿನ ಬಸ್ ನಿಲ್ದಾಣದಲ್ಲಿ ನನ್ನನ್ನು ತಡೆದು ಮಾತಾಡಿಸುವವರು ಹೆಚ್ಚಾಗಿದ್ದಾರೆ. ಅಲ್ಲಿ ಹಸಿ ಮೀನು ತಿನ್ನುವುದು ಹೌದೋ, ರೈಲು ಅಷ್ಟು ಜೋರು ಓಡುವುದು ನಿಜವೋ, ಚಳಿ ಹೇಗೆ ತಡೆದುಕೊಂಡೆ, ಹೀಗೆ. ಎಲ್ಲದಕ್ಕೂ ಉತ್ತರ ಕೊಟ್ಟಿದ್ದೇನೆ. ಅಲ್ಲಿಂದ ಎಂತ ತಂದೆ ಎಂದು ಕೇಳಿದವರಿಗೆ ಮಾತ್ರ ಒಂದು ಮಿಷನ್ನು ಎಂದಷ್ಟೇ ಹೇಳಿ ಬಸ್ಸು ಹತ್ತಿಬಿಡುತ್ತೇನೆ. ಬಸ್ಸು ಬರುವಷ್ಟರಲ್ಲಿ ಹೇಳಿ ಮುಗಿಸುವ ಸಂಗತಿ ಅದಲ್ಲ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ನಾನು ಚಂಡೆಯವನು. ಮೀಸೆ ಮೂಡುವ ಮೊದಲೇ ಬಡಗುತಿಟ್ಟಿನ ಮೇಳವೊಂದಕ್ಕೆ ಸೇರಿ, ಯಕ್ಷಗಾನದ ರಂಗಸ್ಥಳದ ಹಿಂದೆ ಚಂಡೆ ಬಾರಿಸುತ್ತಲೇ ತಲೆ ನರೆತವನು. ಕಳೆದ ಮಳೆಗಾಲದಲ್ಲಿ ಬಲ ಭುಜದೊಳಗಿನ ಸ್ನಾಯು ಹರಿಯಿತು. ಕುಂದಾಪುರದ ಡಾಕ್ಟರು ಸ್ಕ್ಯಾನಿಂಗಿನ ಹಾಳೆಯನ್ನು ಬೆಳಕಿಗೆ ಹಿಡಿದು, ಕೈಯನ್ನು ಎದೆಗಿಂತ ಮೇಲೆ ತರಬೇಡಿ, ಎತ್ತಿ ಹೊಡೆಯುವ ಕೆಲಸವಂತೂ ಇನ್ನು ಬೇಡವೇ ಬೇಡ ಎಂದರು. ಎತ್ತಿ ಹೊಡೆಯುವುದು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಅದನ್ನು ಅವರಿಗೆ ಹೇಳಲು ಹೋಗಲಿಲ್ಲ. ಹೊರಗೆ ಇನ್ನೂ ತುಂಬ ಜನ ಕಾಯುತ್ತಿದ್ದರು.

ಆವತ್ತು ಮನೆಗೆ ಬಂದ ಮೇಲೆ ನನ್ನ ಹೆಂಡತಿ ಸರಸು ತನ್ನ ಹಳೆಯ ನೀಲಿ ಸೀರೆಯೊಂದನ್ನು ತಂದು ಚಂಡೆಗೆ ಸುತ್ತಿ ಚಾವಡಿಯ ಮೂಲೆಯಲ್ಲಿ ಇಟ್ಟಳು. ಉಪ್ಪುಗಾಳಿಗೆ ಹಾಳಾಗುವುದು ಬೇಡ ಎಂದಳು. ನನ್ನ ಕಣ್ಣಿಗೆ ಬೀಳುವುದು ಬೇಡ ಎಂಬುದೂ ಅದರಲ್ಲಿ ಸೇರಿತ್ತೆಂದು ನನಗೆ ಗೊತ್ತು.

ದೀಪಾವಳಿ ಕಳೆದು ಮೇಳ ಹೊರಡುವ ಹೊತ್ತಿಗೆ ನಮ್ಮ ಭಾಗವತರು ಬ್ರಹ್ಮಾವರದಿಂದ ಬಸ್ಸು ಹಿಡಿದು ಮನೆಗೇ ಬಂದರು. ಅವರ ಪದ, ನನ್ನ ಚಂಡೆ ಎಂದು ಜನ ಒಟ್ಟಿಗೇ ಹೇಳುತ್ತಿದ್ದ ಕಾಲವೊಂದಿತ್ತು. ಚಾವಡಿಯಲ್ಲಿ ಕುಳಿತವರು ಮೂಲೆಯ ನೀಲಿ ಗಂಟನ್ನು ನೋಡಿದರು.

“ಶೀನ, ಬಾರ್ಸದೆ ಇಟ್ರೆ ಚರ್ಮ ಸಾಯತ್ತ್. ಹೊಸ ಚಂಡೆಯವನ ಕೈ ಒಳ್ಳೇದಿತ್ತ್, ಅವನ ಚಂಡೆ ಸ್ವರ ಕೊಡ್ತಿಲ್ಲ. ನಿಂದ್ ಕೊಡ್.”

“ಕೊಡ್ತಿಲ್ಲೆ.”

“ಎಂತಕ್?”

“ಅದ್ ನಂದ್.”

ಅವರು ಚಾ ಕುಡಿಯದೆ ಎದ್ದು ಹೋದರು. ನನಗೆ ಬೇಜಾರಾಯಿತು, ಆದರೂ ಹಿಂದಿನಿಂದ ಕರೆಯಲಿಲ್ಲ. ಅದನ್ನು ಕೊಟ್ಟರೆ ನಾನು ಒಂದು ಕಾಲದಲ್ಲಿ ಚಂಡೆಯವನಾಗಿದ್ದೆ ಎಂದಾಗುತ್ತದೆ. ಮನೆಯಲ್ಲಿ ಇಟ್ಟುಕೊಂಡಿರುವಷ್ಟು ದಿನ ಚಂಡೆಯವನೇ.

ಜಪಾನಿನ ಕೋಬೆಯ ಟಿಕೆಟ್ಟು ಭುಜ ಹರಿಯುವ ಮೊದಲೇ ಆಗಿತ್ತು. ಬ್ರಹ್ಮಾವರದ ನನ್ನ ಸೋದರಮಾವನ ಮಗ ರಾಘವ ಅಲ್ಲಿ ಬಹಳ ವರ್ಷಗಳಿಂದ ಹೋಟೆಲು ನಡೆಸುತ್ತಾನೆ. ಅಲ್ಲಿರುವ ಕನ್ನಡದವರೆಲ್ಲ ಸೇರಿ ಮಾಡುವ ಕೂಟದಲ್ಲಿ ಸಣ್ಣದೊಂದು ಯಕ್ಷಗಾನ, ಅದಕ್ಕೆ ನನ್ನ ಚಂಡೆ ಎಂದು ಅವನೇ ನಿಶ್ಚಯ ಮಾಡಿದ್ದ. ಭುಜದ ಸುದ್ದಿ ಹೇಳಿ, ನಾನು ಬರುವುದಿಲ್ಲ ಎಂದು ಫೋನು ಮಾಡಿದೆ.

“ಚಂಡೆ ಇಲ್ದಿರೆ ನೀ ಬಪ್ಪುಕಾಗ ಅಂದೇಳಿ ಇತ್ತಾ? ಸುಮ್ನೆ ಬಾ ಮಾರಾಯ” ಎಂದ.

ಸರಸು ಭುಜಕ್ಕೆ ತಿಕ್ಕಿಕೊಳ್ಳಲೆಂದು ತೆಂಗಿನೆಣ್ಣೆಯ ಬಾಟ್ಲಿಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಆ ಎಣ್ಣೆಯ ಕಥೆ ಮುಂದೆ ಬರುತ್ತದೆ.

ಕೋಬೆಯ ಸಭಾಂಗಣ

ಕೋಬೆಯೂ ಬೈಂದೂರಿನ ಹಾಗೆಯೇ. ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ನಡುವೆ ಊರು. ಆದರೆ ಅಲ್ಲಿನ ಸಮುದ್ರಕ್ಕೆ ವಾಸನೆಯೇ ಇಲ್ಲ. ದಂಡೆಯಲ್ಲಿ ಒಣಮೀನು ಹರಡಿಲ್ಲ, ಬಲೆ ಹೊಲಿಯುವವರಿಲ್ಲ, ಕೂಗಿ ಕರೆಯುವವರಿಲ್ಲ. ರೈಲಿನಲ್ಲಿ ಜನ ಉಸಿರಾಡುವುದೂ ಕೇಳದಷ್ಟು ಮೌನವಾಗಿ ಕುಳಿತಿರುತ್ತಾರೆ. ನಾನು ರಾಘವನ ಹತ್ತಿರ ಸಹಜವಾಗಿ ಏನೋ ಹೇಳಿದರೆ ಇಡೀ ಡಬ್ಬಿ ತಲೆಯೆತ್ತಿ ನೋಡಿತು. ಚಂಡೆಯವನಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿರುವುದಿಲ್ಲ.

ಕೂಟದ ದಿನ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದರು. ಚಂಡೆಯ ಬದಲು ಹಿಂದಿನ ವರ್ಷದ ಆಟವೊಂದರಲ್ಲಿ ನಾನು ಬಾರಿಸಿದ್ದರ ಧ್ವನಿಮುದ್ರಣವನ್ನೇ ಹಾಕುವುದೆಂದು ಮಾಡಿದ್ದರು. ಬದುಕಿರುವಾಗಲೇ ನನ್ನ ಫೋಟೋಕ್ಕೆ ಹಾರ ಹಾಕಿದಂತಾಯಿತು. ಆಗಲೇ ಎದ್ದು ಊರಿಗೆ ಹೋಗಿಬಿಡೋಣ ಎನಿಸಿತ್ತು.

ಸಭಾಂಗಣದ ಬದಿಯಲ್ಲಿ ಧ್ವನಿ ನೋಡಿಕೊಳ್ಳಲು ಜಪಾನಿನವರೊಬ್ಬರಿದ್ದರು. ಅರುವತ್ತು ದಾಟಿದವರು, ನರೆತ ಕೂದಲನ್ನು ಹಿಂದೆ ಕಟ್ಟಿಕೊಂಡಿದ್ದರು. ಹೆಸರು ನಿಶಿದಾ ಎಂದು ರಾಘವ ಹೇಳಿದ. ಅವರ ಮುಂದೆ ಲ್ಯಾಪ್‌ಟಾಪಿನ ಪಕ್ಕ ನಮ್ಮ ಹಳೆಯ ಮೈಕ್ ಸೆಟ್ಟಿನವರ ಹತ್ತಿರ ಇರುತ್ತಿದ್ದಂಥ ಗ್ರಾಮಫೋನ್ ಪ್ಲೇಟು ತಿರುಗುವ ಮಿಷನ್ನಿತ್ತು. ಲ್ಯಾಪ್‌ಟಾಪಿನೊಳಗಿನ ಧ್ವನಿಯನ್ನು ಪ್ಲೇಟಿನ ಮೇಲೆ ಕೈಯಿಟ್ಟು ನಡೆಸುವ ಏರ್ಪಾಡು ಅದು.

ವೇಷಧಾರಿ ಇನ್ನೂ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದ. ನಿಶಿದಾ ಅವಸರದಲ್ಲಿ ಧ್ವನಿ ಬಿಟ್ಟುಬಿಟ್ಟರು. ನನ್ನ ಚಂಡೆಯ ಮೊದಲ ಪೆಟ್ಟು ಕೇಳಿತು. ತಪ್ಪು ಗೊತ್ತಾಗಿ ಅವರು ಪ್ಲೇಟಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಎಳೆದರು. ಪೆಟ್ಟು ಉಲ್ಟಾ ಹೋಯಿತು, ಮತ್ತೆ ಮುಂದೆ ಬಂತು. ಗೆಜ್ಜೆ ಇನ್ನೂ ಮುಗಿದಿರಲಿಲ್ಲ. ಅವರು ಕಾಯುತ್ತ ಕಾಯುತ್ತ ಅದನ್ನೇ ಹಿಂದೆ ಮುಂದೆ ಆಡಿಸಿದರು, ಇನ್ನೊಂದು ಕೈಯಲ್ಲಿ ಸಣ್ಣ ಗುಂಡಿಯೊಂದನ್ನು ಅತ್ತಿತ್ತ ಜಾರಿಸಿ ಧ್ವನಿಯನ್ನು ಕತ್ತರಿಸಿದರು. ನನ್ನ ಒಂದೇ ಪೆಟ್ಟು ಬಿಡುವಿಲ್ಲದೆ ಮತ್ತೆ ಮತ್ತೆ ಬಿದ್ದು ಉರುಳಿಕೆಯಾಗಿ ಹೊರಟಿತು.

ಜನ ಯಂತ್ರ ಕೆಟ್ಟಿತೆಂದು ನಕ್ಕರು. ನಾನು ಕುರ್ಚಿಯ ತುದಿಗೆ ಸರಿದು ನಿಶಿದಾರ ಕೈಯನ್ನೇ ನೋಡಿದೆ. ಭುಜ ಸರಿಯಿದ್ದಾಗಿನ ಪೆಟ್ಟು ಅದು, ಇನ್ನು ಈ ಜನ್ಮದಲ್ಲಿ ನನ್ನಿಂದ ಹುಟ್ಟದ ಪೆಟ್ಟು. ಅದನ್ನು ಒಂದು ಕೈ ಹಿಂದಕ್ಕೆ ಕರೆಯಿತು, ಅದು ಬಂತು.

ಕೂಟ ಮುಗಿದ ಮೇಲೆ ರಾಘವನನ್ನು ಬದಿಗೆ ಕರೆದೆ.

“ಅವ್ರ ಕೈ ಎಷ್ಟ್ ಮೇಲೆ ಹೋಯ್ತ್ ಕಂಡ್ಯಾ?”

“ಎಂತ ಮೇಲೆ?”

“ಹೊಟ್ಟಿಯಿಂದ ಮೇಲೆ ಹೋಯ್ಲೇ ಇಲ್ಲ. ನಂಗೆ ಅದ್ ಕಲೀಕ್ ರಾಘವ.”

ರಾಘವ ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ.

ರೈಲು ಹಳಿಯ ಕೆಳಗೆ

ನಿಶಿದಾರ ಅಂಗಡಿ ಎತ್ತರದ ಸೇತುವೆಯ ಮೇಲೆ ಹಾಯುವ ರೈಲು ಹಳಿಯ ಕೆಳಗಿನ ಅಂಗಡಿ ಸಾಲಿನಲ್ಲಿದೆ. ನೆಲದಿಂದ ಮಾಡಿನವರೆಗೆ ಹಳೆಯ ಪ್ಲೇಟುಗಳು. ತಲೆಯ ಮೇಲೆ ರೈಲು ಹೋದಾಗಲೆಲ್ಲ ಅವರು ಮಾತನ್ನು ಅರ್ಧದಲ್ಲಿ ನಿಲ್ಲಿಸಿ ತೋರುಬೆರಳು ಎತ್ತುತ್ತಾರೆ. ರೈಲು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಾರೆ. ಪದ್ಯದ ನಡುವೆ ಬಿಡುವು ಕೊಟ್ಟು ಮತ್ತೆ ಎತ್ತಿಕೊಳ್ಳುವ ನಮ್ಮ ಭಾಗವತರು ನೆನಪಾದರು. ನಿಶಿದಾರಿಗೆ ಕನ್ನಡ ಬಾರದು, ನನಗೆ ಜಪಾನಿ ಬಾರದು. ಅವರು ಹೇಳಿದ್ದೆಲ್ಲ ರಾಘವನ ಬಾಯಿಂದ ಕುಂದಾಪ್ರ ಕನ್ನಡದಲ್ಲೇ ನನಗೆ ತಲುಪಿತು. ಹಾಗಾಗಿ ಈಗಲೂ ನಿಶಿದಾರನ್ನು ನೆನೆದರೆ ಅವರು ಬ್ರಹ್ಮಾವರದವರೇ ಎಂಬಂತೆ ಕೇಳಿಸುತ್ತಾರೆ.

ಬಾಗಿಲ ಹತ್ತಿರ ಕೈ ತೊಳೆಯುವ ಬೋಗುಣಿಯೊಂದಿತ್ತು. ಕೈ ತೊಳೆಯದೆ ಪ್ಲೇಟು ಮುಟ್ಟುವ ಹಾಗಿಲ್ಲ. ಅದು ನನಗೆ ಹಿಡಿಸಿತು, ನಾವೂ ಹಾಗೆಯೇ. ಕೈ ತೊಳೆದು, ಮಿಷನ್ನಿನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ನಿಶಿದಾ ರಾಘವನತ್ತ ನೋಡಿದರು.

“ನೀ ಎಂತ ಮಾಡ್ದೆ ಅಂದ್ ಕೇಂತ್ರ್. ಎಂತ ಹೇಳ್ಲಿ?”

“ಇದ್ದದ್ ಹೇಳ್.”

ರಾಘವ ಹೇಳಿದ. ನಿಶಿದಾ ನಿಧಾನಕ್ಕೆ ಬಾಗಿ ನಮಸ್ಕರಿಸಿದರು. ನನಗಲ್ಲ, ಮಿಷನ್ನಿಗೆ.

ಪ್ಲೇಟಿನ ಮೇಲೆ ಕೈಯಿಡು ಎಂದರೆ ನನ್ನ ಕೈ ಮುಂದೆ ಹೋಗಲಿಲ್ಲ. ಬ್ರಹ್ಮಾವರದ ಮದುವೆ ಮನೆಗಳಲ್ಲಿ ಮೈಕ್ ಸೆಟ್ಟಿನವನು ತಿರುಗುವ ಪ್ಲೇಟಿನ ಪಕ್ಕ ಕಾವಲು ಕುಳಿತಿರುತ್ತಿದ್ದ. ಮುಟ್ಟಲು ಹೋದ ಮಕ್ಕಳಿಗೆ ಅವನಿಂದ ಏಟು ಬೀಳುತ್ತಿತ್ತು, ನನಗೂ ಬಿದ್ದಿದೆ. ಆ ಏಟು ಇಷ್ಟು ವರ್ಷದ ಮೇಲೂ ಬೆರಳಲ್ಲಿತ್ತು.

ಮೊದಲು ಅವರು ತೋರಿಸಿದ್ದು ಮರದ ಪೆಟ್ಟಿಗೆಯ ಚಂದದ ಮಿಷನ್ನು. ನಾನಾಗಿದ್ದರೆ ಅದನ್ನೇ ಆರಿಸುತ್ತಿದ್ದೆ. ಅವರು ಅದರಲ್ಲಿ ಪ್ಲೇಟು ಕೂರುವ ತಟ್ಟೆಯನ್ನು ಕೈಯಿಂದ ತಡೆದು ಬಿಟ್ಟರು. ಅದು ನಿದ್ದೆಯಿಂದ ಎದ್ದವರಂತೆ ತಡವರಿಸಿ, ಆಮೇಲೆ ವೇಗ ಹಿಡಿಯಿತು. ಒಳಗೆ ಮೋಟಾರಿನಿಂದ ತಟ್ಟೆಗೆ ರಬ್ಬರ್ ಪಟ್ಟಿ ಇದೆಯಂತೆ, ಕೈ ತಾಗಿದರೆ ಪಟ್ಟಿ ಜಾರುತ್ತದೆ. ಕೂತು ಕೇಳುವವರಿಗೆ ಅದು ಒಳ್ಳೆಯದು, ಕೈಯಾಡಿಸುವವರಿಗೆ ಆಗದು. ಇನ್ನೊಂದು ಕಬ್ಬಿಣದಂತೆ ಭಾರವಾದದ್ದು. ಅದರಲ್ಲಿ ಮೋಟಾರು ತಟ್ಟೆಯ ಅಡಿಯಲ್ಲೇ ನೇರವಾಗಿ ಕೂತಿದೆ. ತಟ್ಟೆಯ ಮೇಲೆ ನುಣುಪಾದ ಬಟ್ಟೆಯ ಬಿಲ್ಲೆ, ಅದರ ಮೇಲೆ ಪ್ಲೇಟು. ಪ್ಲೇಟನ್ನು ಹಿಡಿದರೂ ಅಡಿಯ ತಟ್ಟೆ ಹಟ ಹಿಡಿದಂತೆ ತಿರುಗುತ್ತಲೇ ಇರುತ್ತದೆ. ಕೈ ಬಿಟ್ಟ ಕ್ಷಣಕ್ಕೆ ಪ್ಲೇಟು ಅದರ ಜೊತೆ ಹೊರಡುತ್ತದೆ.

“ಹೊಸ್ಬರಿಗೆ ಎರಡ್ ಮಿಷನ್ ಬೇಡ ಅಂತ್ರ್. ಒಂದ್ ಸಾಕ್. ಸೂಜಿ ಗುಂಡ್ ಮೊನಿದ್ ಆಯ್ಕ್, ಚೂಪಿಂದ್ ಆರೆ ಹಾರತ್ತ್, ಪ್ಲೇಟೂ ತಿಂತ್. ಮತ್ತೆ ಆ ಜಾರು ಗುಂಡಿ ಒಳ್ಳೇದಿರ್ಕ್. ಅದೇ ಜೀವ ಅಂತ್ರ್.”

ಧ್ವನಿಯನ್ನು ತೆರೆದು ಮುಚ್ಚುವ ಆ ಸಣ್ಣ ಗುಂಡಿಯನ್ನು ನನ್ನ ಬಲಗೈಗೆ ಕೊಟ್ಟರು, ಪ್ಲೇಟನ್ನು ಎಡಗೈಗೆ. ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು, ಕೆಲಸ ಮಾಡಿದ್ದು ಬೆರಳು ಮಾತ್ರ. ಪ್ಲೇಟನ್ನು ತಳ್ಳಿದೆ, ಗುಂಡಿ ಮುಚ್ಚಿದೆ. ಕೇಳಿದ್ದು ಹಳೆಯ ಬಾಗಿಲು ಕಿರುಗುಟ್ಟಿದಂಥ ಸದ್ದು. ಹತ್ತಾರು ಸಲ ಮಾಡಿದ ಮೇಲೆ ಒಂದು ಸಲ ಸದ್ದು ಕತ್ತರಿಸಿಕೊಂಡು ಬಂತು, ಪೆಟ್ಟಿನ ಹಾಗೆ. ಎಷ್ಟೋ ತಿಂಗಳಿಂದ ಸತ್ತಂತಿದ್ದ ಕೈಗೆ ಒಂದು ಕೆಲಸ ಸಿಕ್ಕಿತ್ತು. ಸಂತೋಷವಾಯಿತು ಎಂದರೆ ಕಡಿಮೆಯಾದೀತು, ಹೆದರಿಕೆಯೂ ಆಯಿತು. ಇದೂ ಕೈಬಿಟ್ಟರೆ ಎಂಬ ಹೆದರಿಕೆ.

ನಿಶಿದಾ ತಮ್ಮ ಹಳೆಯ ಭಾರದ ಮಿಷನ್ನು, ಗುಂಡಿಯ ಪೆಟ್ಟಿಗೆ ಎರಡನ್ನೂ ನಾನಿರುವಷ್ಟು ದಿನ ಅಭ್ಯಾಸಕ್ಕೆ ಒಯ್ಯಲು ಕೊಟ್ಟರು.

ರಾಘವನ ಮಾಳಿಗೆ

ಹೋಟೆಲಿನ ಮೇಲಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿ ಕುಳಿತೆ. ಅದು ಅಲ್ಲಿನ ಕಟ್ಟಳೆ. ನಮ್ಮಲ್ಲಿ ಚಂಡೆ ಪಕ್ಕದೂರಿಗೆ ಕೇಳದಿದ್ದರೆ ಅದೆಂಥ ಚಂಡೆ ಎನ್ನುತ್ತಾರೆ. ಅಲ್ಲಿ ಪಕ್ಕದ ಮನೆಗೆ ಕೇಳಿಸಿದರೆ ಸಿಹಿತಿಂಡಿಯ ಪೊಟ್ಟಣ ಹಿಡಿದುಕೊಂಡು ಹೋಗಿ ಕ್ಷಮೆ ಕೇಳಬೇಕು. ಗಂಟಲು ಹಿಡಿದುಕೊಂಡು ಹಾಡಿದಂತಾದರೂ ಬಿಡಲಿಲ್ಲ. ಬೆಳಿಗ್ಗೆ ಕೂತರೆ ರಾಘವ ಊಟಕ್ಕೆ ಕರೆಯುವವರೆಗೂ ಅದೇ. ಬಾಯಲ್ಲಿ ಚಂಡೆಯ ನುಡಿ ಹೇಳಿಕೊಳ್ಳುವುದು, ಬೆರಳು ಅದರ ಹಿಂದೆ ಓಡುವುದು.

ಹಾಗೆ ಬಿಡದೆ ತಿಕ್ಕಿದ್ದಕ್ಕೋ ಏನೋ, ಒಂದು ಸಂಜೆ ಜಾರು ಗುಂಡಿ ಬಿಗಿಯಾಗಿ ಕಿರ್ ಎನ್ನತೊಡಗಿತು. ಕಿರುಗುಟ್ಟುವ ವಸ್ತುವಿಗೆ ನಮ್ಮ ಕಡೆ ಇರುವುದು ಒಂದೇ ಮದ್ದು. ಬಾಗಿಲ ತಿರುಗಣೆಗೆ, ಬಾವಿಯ ರಾಟೆಗೆ, ಹೊಲಿಗೆ ಮಿಷನ್ನಿಗೆ, ನೆತ್ತಿಗೆ, ಸೊಂಟಕ್ಕೆ, ಎಲ್ಲಕ್ಕೂ ತೆಂಗಿನೆಣ್ಣೆ. ಸರಸು ಕೊಟ್ಟ ಬಾಟ್ಲಿಯನ್ನು ರಾಘವ ಹೋಟೆಲಿನ ಒಲೆಯ ಹತ್ತಿರ ಇಟ್ಟಿದ್ದ. ಅಲ್ಲಿಂದ ತಂದು, ಗುಂಡಿಯ ಸೀಳಿನೊಳಗೆ ಧಾರಾಳವಾಗಿ ಬಿಟ್ಟೆ. ಗುಂಡಿ ಬೆಣ್ಣೆಯಂತೆ ಓಡಿತು. ನನ್ನ ಬುದ್ಧಿಗೆ ನಾನೇ ತಲೆದೂಗಿ, ಹೀಟರ್ ಆರಿಸಿ ಮಲಗಿದೆ.

ಬೆಳಿಗ್ಗೆ ಗುಂಡಿ ಅಲುಗಲಿಲ್ಲ. ಸೀಳಿನ ತುಂಬ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಆ ಚಳಿಗೆ ತೆಂಗಿನೆಣ್ಣೆ ತುಪ್ಪದಂತೆ ಗಟ್ಟಿಯಾಗುತ್ತದೆಂದು ನನಗೇನು ಗೊತ್ತು. ನಮ್ಮ ಕಡಲ ಕರೆಯಲ್ಲಿ ಹುಟ್ಟಿ ಬೆಳೆದ ನಾನು ಅದನ್ನು ನೀರಾಗಿಯಲ್ಲದೆ ನೋಡಿದವನಲ್ಲ. ಕೋಬೆಯಲ್ಲೂ ಬಾಟ್ಲಿ ಒಲೆಯ ಕಾವಿನಲ್ಲೇ ಇತ್ತು.

ರಾಘವ ಬಗ್ಗಿ ನೋಡಿ ಮೂಸಿದ.

“ಎಂತ ಮಾರಾಯ, ಒಗ್ಗರಣಿ ಹಾಕ್ದ್ಯಾ?”

ನನಗೆ ನಗು ಬರಲಿಲ್ಲ. ಇನ್ನೊಬ್ಬರ ವಾದ್ಯ ಕೆಡಿಸಿದ್ದೆ. ನನ್ನ ಚಂಡೆಗೆ ಯಾರಾದರೂ ಹೀಗೆ ಮಾಡಿದ್ದರೆ ಅವನನ್ನು ಜನ್ಮದಲ್ಲಿ ಮಾತಾಡಿಸುತ್ತಿರಲಿಲ್ಲ.

ಮತ್ತೆ ಹಳಿಯ ಕೆಳಗೆ

ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋದೆ. ನಡೆದದ್ದನ್ನು ರಾಘವ ಹೇಳಿದ. ನಿಶಿದಾ ಸ್ಕ್ರೂಗಳನ್ನು ಬಿಚ್ಚಿ, ಒಳಗಿನ ಬಿಳಿಯನ್ನು ಮೂಗಿನ ಹತ್ತಿರ ತಂದು ಮೂಸಿದರು. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟು ಕರಗಿಸಿದರು, ಹತ್ತಿಯಿಂದ ಒರೆಸಿದರು. ಅಂಗಡಿಯ ತುಂಬ ನಮ್ಮ ಮನೆಯ ಅಡುಗೆಕೋಣೆಯ ಪರಿಮಳ. ಆದರೂ ಗುಂಡಿ ಗೊರಗೊರ ಎಂದಿತು. ಕೊನೆಗೆ ಅವರು ಡ್ರಾಯರಿನಿಂದ ಬೇರೊಂದು ಗುಂಡಿ ತೆಗೆದು ಅದರ ಜಾಗದಲ್ಲಿ ಕೂರಿಸಿದರು.

“ಅವ್ರ ಮೊದ್ಲ್ ಗುಂಡಿಗೆ ಅವ್ರ್ ಅಮ್ಮನ ಹೊಲಿಗಿ ಮಿಷನ್ ಎಣ್ಣಿ ಹಾಕಿದ್ರಂಬ್ರ್” ಎಂದ ರಾಘವ. “ಆದ್ರೆ ನೀ ಇಷ್ಟ್ ಅರ್ಜೆಂಟ್ ಎಂತಕ್ ಮಾಡ್ತೆ ಅಂದ್ ಕೇಂತ್ರ್. ಹೊಸ್ಬರ್ ಯಾರೂ ಇಷ್ಟ್ ಬೇಗ ಗುಂಡಿ ಸವ್ಸುದಿಲ್ಲ ಅಂಬ್ರ್.”

ಆಗ ಭುಜದ ಸಂಗತಿ ಹೇಳಿದೆ. ಅದುವರೆಗೂ ಅವರಿಗೆ ಹೇಳಿರಲಿಲ್ಲ. ಊರಲ್ಲಿ ಗೊತ್ತಾದವರೆಲ್ಲ ಅಯ್ಯೋ ಎಂದಿದ್ದರು, ಇನ್ನೊಂದು ಅಯ್ಯೋ ನನಗೆ ಬೇಕಿರಲಿಲ್ಲ. ನಿಶಿದಾ ಅಯ್ಯೋ ಎನ್ನಲಿಲ್ಲ. ಕೈ ಎಲ್ಲಿಯವರೆಗೆ ಏಳುತ್ತದೆ, ತೋರಿಸು ಎಂದರು. ತೋರಿಸಿದೆ. ನಿನ್ನ ಊರು ಸಮುದ್ರದಿಂದ ಎಷ್ಟು ದೂರ, ಕರೆಂಟು ಹೇಗೆ, ಮನೆಯಲ್ಲಿ ಹೇಗೆ ಕೂರುತ್ತೀ ಎಂದು ಕೇಳಿದರು. ಅಲೆಯ ಸದ್ದು ಕೇಳುತ್ತದೆ, ಕಿಟಕಿಯ ಸರಳು ಎರಡು ಮಳೆಗಾಲಕ್ಕೆ ತುಕ್ಕು ತಿಂದು ಉದುರುತ್ತದೆ, ಕರೆಂಟು ಅದಕ್ಕೆ ಮನಸ್ಸಾದಾಗ ಇರುತ್ತದೆ, ನೆಲದ ಮೇಲೆ ಮಣೆ ಹಾಕಿ ಕೂರುತ್ತೇನೆ ಎಂದೆ.

ರಾಘವ ಅಷ್ಟರಲ್ಲಿ ಅಂಥ ಭಾರದ ಮಿಷನ್ನು ಒಂದಲ್ಲ ಎರಡನ್ನೂ, ಮಿನುಗುವ ದೀಪಗಳ ದೊಡ್ಡ ಗುಂಡಿಪೆಟ್ಟಿಗೆಯನ್ನೂ ನನಗೆ ಕೊಡಿಸಲು ತೀರ್ಮಾನಿಸಿದ್ದ. ಹೋಟೆಲಿನವನಿಗೆ ಕೊಟ್ಟರೆ ಹೊಟ್ಟೆ ತುಂಬ ಕೊಡಬೇಕು. ನಿಶಿದಾ ತಲೆಯಾಡಿಸಿದರು. ಆ ಮಿಷನ್ನು ಅಲ್ಲಿನ ಕಡಿಮೆ ವೋಲ್ಟೇಜಿಗೆ ಮಾಡಿದ್ದು, ನಮ್ಮಲ್ಲಿ ಹಾಕಿದರೆ ಸುಟ್ಟು ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟರೂ ಉಪ್ಪುಗಾಳಿ ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದನ್ನಿಡುವ ಮೇಜಿನ ಎತ್ತರಕ್ಕೆ ಭುಜ ದಿನವೂ ಏಳಬೇಕು.

“ನಾ ಕೊಡ್ಸ್ತೆ ಅಂದ್ರೂ ಮಾರುದಿಲ್ಲ ಅಂತ್ರಲೆ” ಎಂದು ರಾಘವ ನನ್ನ ಹತ್ತಿರ ದೂರಿದ. ಅವನ ಮುಖ ಸಣ್ಣದಾಗಿತ್ತು.

ಅವರು ಒಳಗಿನಿಂದ ತಂದದ್ದು ಊಟದ ಡಬ್ಬಿಯಷ್ಟೇ ದೊಡ್ಡದಾದ ಮಿಷನ್ನು. ಬ್ಯಾಟರಿಯಲ್ಲಿ ನಡೆಯುತ್ತದೆ. ಸಣ್ಣ ಪ್ಲೇಟು ಮಾತ್ರ ಹಿಡಿಯುತ್ತದೆ. ಜಾರು ಗುಂಡಿ, ಸಣ್ಣ ಸ್ಪೀಕರು ಎರಡೂ ಅದರ ಮೈಯಲ್ಲೇ ಇವೆ. ಒಳಗೆ ತಿಕ್ಕುವ ಭಾಗಗಳಿಲ್ಲ, ಅಯಸ್ಕಾಂತದಿಂದ ಕೆಲಸ ಮಾಡುತ್ತದೆ. ನೆಲದ ಮೇಲೆ ಮಣೆ ಹಾಕಿ ಕೂತು, ಇನ್ನೊಂದು ಮಣೆಯ ಮೇಲೆ ಇದನ್ನಿಟ್ಟುಕೊಂಡರೆ ಭುಜ ಏಳಬೇಕಾಗಿಯೇ ಇಲ್ಲ.

“ಇದ್ಕ್ ಎಣ್ಣಿ ಹಾಕುಕಿಲ್ಲ ಅಂಬ್ರ್” ಎಂದು ರಾಘವ ಗಂಭೀರವಾಗಿ ಅನುವಾದ ಮಾಡಿದ.

ನಿಶಿದಾ ಅಷ್ಟಕ್ಕೇ ಬಿಡಲಿಲ್ಲ. ಕೂಟದಲ್ಲಿ ಹಾಕಿದ್ದ ನನ್ನ ಧ್ವನಿಮುದ್ರಣ ಅವರ ಹತ್ತಿರವಿತ್ತು. ಅಂಗಡಿಯ ಹಿಂದೆ ಪ್ಲೇಟು ಕೊರೆಯುವ ಹಳೆಯ ಯಂತ್ರವಿತ್ತು. ಒಂದೇ ಪೆಟ್ಟನ್ನು ಆರಿಸು ಎಂದರು. ಇಡೀ ಆಟದಲ್ಲಿ ಒಂದು ಪೆಟ್ಟು ಆರಿಸುವುದು ಸುಲಭವಿರಲಿಲ್ಲ. ಕಡೆಗೆ ಯುದ್ಧದ ಪದ್ಯವೊಂದರ ಮುಕ್ತಾಯದ ಪೆಟ್ಟನ್ನು ಹೇಳಿದೆ. ಅದು ಬಿದ್ದಾಗ ಭಾಗವತರು ತಿರುಗಿ ನನ್ನನ್ನು ನೋಡಿ ನಕ್ಕಿದ್ದು ನೆನಪಿತ್ತು. ನಿಶಿದಾ ಅದನ್ನೇ ಸಣ್ಣ ಪ್ಲೇಟಿನ ಪ್ರತಿ ಸುತ್ತಿನಲ್ಲೂ ಕೊರೆದರು. ಕಲಿಯುವವರ ಕೈಯಲ್ಲಿ ಸೂಜಿ ಹಾರುತ್ತಲೇ ಇರುತ್ತದಂತೆ. ಇದರಲ್ಲಿ ಎಲ್ಲಿಗೆ ಹಾರಿದರೂ ಅದು ಬೀಳುವುದು ನನ್ನ ಅದೇ ಪೆಟ್ಟಿನ ಮೇಲೆ.

ಪ್ಲೇಟನ್ನು ಕೈಗೆ ಕೊಡುವಾಗ ಏನೋ ಹೇಳಿದರು. ತಲೆಯ ಮೇಲೆ ರೈಲು ಬಂತು. ಬೆರಳೆತ್ತಿ ಕಾದು, ಮತ್ತೆ ಹೇಳಿದರು. ರಾಘವ ಕನ್ನಡಕ್ಕೆ ತಂದ.

“ಇದ್ ಮೆತ್ತನ್ ಪ್ಲೇಟ್ ಅಂಬ್ರ್. ಕೈ ಆಡ್ಸ್ದಂಗೆಲ್ಲ ಸವಿತ್. ಒಂದ್ ದಿನ ಈ ಪೆಟ್ಟ್ ಪೂರಾ ಅಳ್ಸಿ ಹೋತ್.”

“ಆಡ್ಸದೆ ಇಟ್ರೆ?”

ರಾಘವ ಕೇಳಿದ. ನಿಶಿದಾ ನನ್ನನ್ನೇ ನೋಡುತ್ತ ಉತ್ತರ ಕೊಟ್ಟರು.

“ಆಡ್ಸದೆ ಇಟ್ರೆ ಹಾಂಗೇ ಇರತ್ತಂಬ್ರ್. ಆದ್ರೆ ಅದನ್ನ್ ಯಾರೂ ಕೇಂಬುದಿಲ್ಲ, ನೀನೂ ಕೇಂಬುದಿಲ್ಲ ಅಂತ್ರ್.”

ಅಂಗಡಿ ಮುಚ್ಚುವ ಹೊತ್ತು. ನಿಶಿದಾ ಒಂದೊಂದೇ ಮಿಷನ್ನಿನ ಮೇಲೆ ನೀಲಿ ಬಟ್ಟೆ ಹೊದಿಸಿ, ಅಂಚು ಎಳೆದು ಸರಿಪಡಿಸುತ್ತಿದ್ದರು. ಸರಸು ಸೀರೆ ಸುತ್ತಿದ್ದೂ ಹೀಗೆಯೇ. ಅವರು ಬೆಳಿಗ್ಗೆ ತೆಗೆಯಲೆಂದು ಹೊದಿಸುತ್ತಿದ್ದರು, ನಾವು ಇನ್ನು ತೆಗೆಯುವುದಿಲ್ಲವೆಂದು ಹೊದಿಸಿದ್ದೆವು. ನನಗೆ ಅಳು ಬಂತು. ಪರದೇಶದ ಅಂಗಡಿಯಲ್ಲಿ, ಇಬ್ಬರು ಗಂಡಸರ ಎದುರು ನಿಂತು ಅತ್ತೆ. ರಾಘವ ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತ. ನಿಶಿದಾ ಕೈ ತೊಳೆಯುವ ಬೋಗುಣಿಗೆ ಹೊಸ ನೀರು ತುಂಬಿ, ಅದರ ಪಕ್ಕ ಒಗೆದ ಟವೆಲು ಇಟ್ಟರು.

ಮತ್ತೆ ಯಡ್ತರೆ

ಊರಿಗೆ ಬಂದ ಮಾರನೆಯ ದಿನ ಮಧ್ಯಾಹ್ನ ಚಾವಡಿಯಲ್ಲಿ ಮಣೆ ಹಾಕಿ ಕುಳಿತೆ. ಕರೆಂಟಿರಲಿಲ್ಲ. ಎದುರಿನ ಮಣೆಯ ಮೇಲೆ ಮಿಷನ್ನು ಇಟ್ಟು, ಕೈ ತೊಳೆದು, ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಪ್ಲೇಟಿನ ಮೇಲೆ ಸೂಜಿ ಇಡಲು ಬಹಳ ಹೊತ್ತು ಹಿಡಿಯಿತು. ಹೆಡ್‌ಫೋನು ಹಾಕಿಕೊಳ್ಳಲಿಲ್ಲ. ನಮ್ಮ ಕಡೆ ಯಾರಿಗೂ ಸಿಹಿತಿಂಡಿ ಕೊಡಬೇಕಾಗಿಲ್ಲ.

ಪೆಟ್ಟು ಬಿತ್ತು. ನನ್ನದೇ. ಹಿಂದಕ್ಕೆ ಎಳೆದೆ, ಬಿಟ್ಟೆ, ಗುಂಡಿ ಮುಚ್ಚಿದೆ, ತೆರೆದೆ. ಒರಟಾಗಿತ್ತು, ಕೆಲವು ಕಡೆ ತಾಳ ತಪ್ಪಿತು, ಸೂಜಿ ಹಾರಿತು. ಹಾರಿದಲ್ಲೆಲ್ಲ ಅದೇ ಪೆಟ್ಟು ಸಿಕ್ಕಿತು. ಸ್ವಲ್ಪ ಹೊತ್ತಿನಲ್ಲಿ ಸಣ್ಣದೊಂದು ಉರುಳಿಕೆ ತಾನಾಗಿ ಸೇರಿಕೊಂಡಿತು.

ಸರಸು ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಮೊದಲು ನೋಡಿದ್ದು ಮೂಲೆಯ ಚಂಡೆಯನ್ನು. ಅದರ ಸೀರೆ ಹಾಗೆಯೇ ಇತ್ತು. ಆಮೇಲೆ ನನ್ನ ಭುಜವನ್ನು ನೋಡಿದಳು.

“ಹ್ವಾಯ್, ಇದ್ ನಿಮ್ಮ ಪೆಟ್ಟ್ ಅಲ್ದಾ?”

“ಹೌದ್.”

“ಭುಜ ನೋಯ್ತಿಲ್ಯಾ?”

“ಇಲ್ಲ. ಆದ್ರೆ ಈ ಪ್ಲೇಟ್ ಸವಿತ್ ಅಂಬ್ರ್. ಒಂದ್ ದಿನ ಕೇಂತಿಲ್ಲ.”

ಅವಳು ಬಾಗಿಲಿಗೆ ಒರಗಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನೀವ್ ಮನಿಯೊಳ್ಗೆ ಮಾತಾಡ್ದೆ ಎಷ್ಟ್ ದಿನ ಆಯ್ತ್” ಎಂದಳು. “ಸವಿಲಿ ಬಿಡಿ.”

ಆ ಸಂಜೆ ಭಾಗವತರಿಗೆ ಫೋನು ಮಾಡಿದೆ. ಬಂದು ಚಂಡೆ ತೆಗೆದುಕೊಂಡು ಹೋಗಿ ಎಂದಷ್ಟೇ ಹೇಳಿದೆ. ಅವರೂ ಯಾಕೆ, ಏನು ಎಂದು ಕೇಳಲಿಲ್ಲ. ಮರುದಿನ ಹೊಸ ಚಂಡೆಯವನನ್ನು ಕರೆದುಕೊಂಡೇ ಬಂದರು. ಮೂವತ್ತು ದಾಟಿದ ಗಂಡಸು, ಒಳ್ಳೆಯ ಮಣಿಕಟ್ಟು. ನಾನೇ ಸೀರೆ ಬಿಚ್ಚಿದೆ. ಚರ್ಮ ಸ್ವಲ್ಪ ಸಡಿಲಾಗಿತ್ತು. ಹಗ್ಗ ಎಳೆದು ಬಿಗಿ ಮಾಡುವುದನ್ನು ತೋರಿಸಿ, ಒಂದು ಪೆಟ್ಟು ಹಾಕು ಎಂದೆ. ಅವನು ಎತ್ತಿ ಹೊಡೆದ. ಸ್ವರ ಬದುಕಿತ್ತು. ಕೇಳಲು ಕಷ್ಟವಾಯಿತು. ಆದರೆ ಎದ್ದು ಒಳಗೆ ಹೋಗಬೇಕು ಎನಿಸಲಿಲ್ಲ. ಆವತ್ತು ಭಾಗವತರು ಚಾ ಕುಡಿದೇ ಹೋದರು.

ಅವರು ಬಸ್ಸು ಹತ್ತುವುದನ್ನು ನೋಡಿ ಮನೆಗೆ ಬಂದಾಗ ಚಾವಡಿಯ ಮೂಲೆ ಬರಿದಾಗಿತ್ತು. ಸರಸು ನೀಲಿ ಸೀರೆಯನ್ನು ಕೊಡವಿ, ನಾಲ್ಕಾಗಿ ಮಡಿಸಿ, ಮಣೆಯ ಮೇಲಿದ್ದ ಮಿಷನ್ನಿಗೆ ಹೊದಿಸುತ್ತಿದ್ದಳು.

“ಉಪ್ಪು ಗಾಳಿ” ಎಂದಳು. “ನಾಳೆ ಬೆಳಿಗ್ಗೆ ನೀವೇ ತೆಗಿನಿ.”